ಹೊಸ ರಸ್ತೆ ಬಂದರೆ ಜನರ ಓಡಾಟ ಹೇಗೆ ಬದಲಾಗುತ್ತದೆ? ಮೊದಲೇ ಲೆಕ್ಕ ಹಾಕುವ ಕ್ರಮ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕವಿತ್ತು: ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆ. ಈ ಲೆಕ್ಕದ ಅಡಿಯಲ್ಲಿ ಒಂದು ಊಹೆ ಅಡಗಿದೆ. ನಿನ್ನೆ ಹೋಗುತ್ತಿದ್ದ ಅದೇ ಜನ, ಅದೇ ಊರಿಗೆ, ಅದೇ ವಾಹನದಲ್ಲಿ, ಅಷ್ಟೇ ಸಲ ಹೋಗುತ್ತಾರೆ, ಬದಲಾಗುವುದು ಗಡಿಯಾರದ ಮುಳ್ಳು ಮಾತ್ರ ಎಂಬ ಊಹೆ ಅದು. ಜನ ಹಾಗೆ ಇರುವುದಿಲ್ಲ. ತಿಂಗಳಿಗೊಮ್ಮೆ ಮೈಸೂರಿನ ಮನೆಗೆ ಹೋಗುತ್ತಿದ್ದವರು ವಾರಕ್ಕೊಮ್ಮೆ ಹೊರಡುತ್ತಾರೆ. ರೈಲಿನಲ್ಲಿ ಕೂರುತ್ತಿದ್ದವರು ಕಾರು ತೆಗೆಯುತ್ತಾರೆ. ರಾಮನಗರದಲ್ಲಿ ಮನೆ ಮಾಡಿ ಬೆಂಗಳೂರಿನಲ್ಲಿ ಕೆಲಸ ಹಿಡಿಯುತ್ತಾರೆ. ಕೊಡಗಿಗೆ ಬೇರೆ ದಾರಿಯಲ್ಲಿ ಹೋಗುತ್ತಿದ್ದವರು ಮೈಸೂರಿನ ಮೇಲೆ ಹಾಯುತ್ತಾರೆ. ಮದ್ದೂರಿನಲ್ಲಿ ವಡೆ ತಿಂದು ಮುಂದೆ ಹೋಗುತ್ತಿದ್ದವರು ಬೈಪಾಸ್ ಹಿಡಿದು ಊರನ್ನೇ ನೋಡದೆ ದಾಟುತ್ತಾರೆ.

ಹೀಗೆ ರಸ್ತೆಯಿಂದಲೇ ಹುಟ್ಟುವ ಸಂಚಾರವನ್ನು (ಪ್ರೇರಿತ ಸಂಚಾರ) ಲೆಕ್ಕಕ್ಕೆ ತಾರದ ಮುನ್ನಂದಾಜು ಬರೀ ಅಪೂರ್ಣವಲ್ಲ, ತಪ್ಪು ಎಂಬುದು ನಮ್ಮ ಖಚಿತ ನಿಲುವು. ಇದನ್ನು ಒಪ್ಪಿಕೊಳ್ಳಲು ಬ್ರಿಟನ್ನಿಗೂ ಬಹಳ ಕಾಲ ಬೇಕಾಯಿತು. ಲಂಡನ್ನನ್ನು ಸುತ್ತುವರಿದ ಎಂ25 ಹೆದ್ದಾರಿ 1986ರಲ್ಲಿ ಪೂರ್ಣಗೊಂಡು ಅಂದಾಜು ಮೀರಿ ತುಂಬಿಕೊಂಡಿತು. ಸರ್ಕಾರದ ಸಲಹಾ ಸಮಿತಿಯಾದ ಸ್ಯಾಕ್ಟ್ರಾ 1994ರಲ್ಲಿ, ಹೊಸ ರಸ್ತೆ ಹೊಸ ಸಂಚಾರವನ್ನು ಹುಟ್ಟಿಸುತ್ತದೆ ಎಂದು ಸ್ಪಷ್ಟವಾಗಿ ಬರೆಯಿತು. ಆ ಸಾಕ್ಷ್ಯಗಳನ್ನೆಲ್ಲ ಕೂಡಿಸಿ ನೋಡಿದ ಸಾರಿಗೆ ತಜ್ಞ ಫಿಲ್ ಗುಡ್‌ವಿನ್ ಅವರ ಸರಾಸರಿ ಅಂದಾಜು ಇದು: ಅಲ್ಪಾವಧಿಯಲ್ಲಿ ಮೂಲ ಸಂಚಾರದ ಶೇ 10, ದೀರ್ಘಾವಧಿಯಲ್ಲಿ ಶೇ 20 ಹೆಚ್ಚುವರಿ. ಅಮೆರಿಕದ ನಗರಗಳ ಅಂಕಿಅಂಶ ಜಾಲಾಡಿದ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಇನ್ನೂ ಮುಂದೆ ಹೋದರು. ಅಂತರರಾಜ್ಯ ಹೆದ್ದಾರಿಯ ಪಥದ ಉದ್ದ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತ್ತು.

ಮುಂದಿನ ಹಂತಗಳನ್ನು ದಶಪಥದ ಸಾಲನ್ನೇ (ಆ ರಸ್ತೆ ಮತ್ತು ಅದರ ಅಕ್ಕಪಕ್ಕದ ಊರುಗಳು) ಇಟ್ಟುಕೊಂಡು ವಿವರಿಸಿದ್ದೇವೆ. ಲೆಕ್ಕ ತೋರಿಸಲು ಬಳಸಿದ ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು, ಸಮೀಕ್ಷೆಯವಲ್ಲ. ನಿಮ್ಮ ಊರಿನ ಬೈಪಾಸಿಗೂ ಮೇಲ್ಸೇತುವೆಗೂ ಕ್ರಮ ಇದೇ.

1. ಎರಡು ಭವಿಷ್ಯಗಳನ್ನು ಬರೆದಿಟ್ಟುಕೊಳ್ಳಿ

ಹೋಲಿಕೆ ಇಂದಿಗೂ ನಾಳೆಗೂ ನಡುವೆ ಅಲ್ಲ. ರಸ್ತೆ ಇರುವ 2040ಕ್ಕೂ ರಸ್ತೆ ಇಲ್ಲದ 2040ಕ್ಕೂ ನಡುವೆ. ಜನಸಂಖ್ಯೆ, ಆದಾಯ, ವಾಹನಗಳ ಒಡೆತನ ರಸ್ತೆ ಬಾರದಿದ್ದರೂ ಬೆಳೆಯುತ್ತವೆ. ಆ ಬೆಳವಣಿಗೆ ಎರಡೂ ಭವಿಷ್ಯಗಳಲ್ಲಿ ಒಂದೇ ಇರಬೇಕು. ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, ಹಳೆಯ ಎಣಿಕೆಗಳಿಂದ ಬೆಳವಣಿಗೆ ದರ ತೆಗೆದು, ಅದರ ಮೇಲೆ ಪ್ರೇರಿತ ಸಂಚಾರವನ್ನೂ ಕೂಡಿಸುವುದು. ಆ ಹಿಂದಿನ ವರ್ಷಗಳಲ್ಲೇ ರಸ್ತೆ ಅಗಲವಾಗಿದ್ದರೆ ಒಂದೇ ಸಂಚಾರವನ್ನು ಎರಡು ಸಲ ಎಣಿಸಿದಂತಾಯಿತು. ಇನ್ನೊಂದು, ರಸ್ತೆ ಇಲ್ಲದ ಭವಿಷ್ಯದಲ್ಲಿ ಹಳೆಯ ರಸ್ತೆಯ ಮೇಲೆ ವಾಹನಗಳನ್ನು ಸಾಮರ್ಥ್ಯ ಮೀರಿ ತುಂಬುತ್ತ ಹೋಗುವುದು. ದಟ್ಟಣೆ ಹೆಚ್ಚಿದರೆ ಜನ ಹೊರಡುವುದನ್ನೇ ಬಿಡುತ್ತಾರೆ. ಅದನ್ನು ಲೆಕ್ಕಿಸದಿದ್ದರೆ ಇಲ್ಲದ ನರಕವೊಂದನ್ನು ಕಾಗದದ ಮೇಲೆ ಕಟ್ಟಿ, ಅದರಿಂದ ಪಾರಾಗುವುದನ್ನೇ ಲಾಭವೆಂದು ತೋರಿಸಿದಂತೆ.

2. ವಲಯ ಮತ್ತು ಜಾಲ

ಸಾಲನ್ನು ವಲಯಗಳಾಗಿ, ಅಂದರೆ ಪ್ರಯಾಣ ಹೊರಡುವ ಮತ್ತು ಮುಗಿಯುವ ಪ್ರದೇಶಗಳಾಗಿ, ಕತ್ತರಿಸಿ. ಅವುಗಳನ್ನು ಬೆಸೆಯುವ ರಸ್ತೆಗಳೆಲ್ಲ ಸೇರಿ ಜಾಲ. ರಸ್ತೆಯ ಪಕ್ಕದ ವಲಯಗಳು ಚಿಕ್ಕವಿರಲಿ: ಬಿಡದಿ ಕೈಗಾರಿಕಾ ಪ್ರದೇಶ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಒಂದೊಂದೂ ಎರಡು ಮೂರು ವಲಯಗಳಾಗಲಿ. ದೂರ ಹೋದಂತೆ ದೊಡ್ಡವು ಸಾಕು. ಕೊಡಗು, ವಯನಾಡು, ನೀಲಗಿರಿ ಒಂದೊಂದು ವಲಯ. ಊರೊಳಗಿನ ಓಟ ಹೆಚ್ಚಿರುವ ಊರನ್ನು ಒಂದೇ ವಲಯ ಮಾಡಿದರೆ ಆ ಓಟವೆಲ್ಲ ಜಾಲಕ್ಕೆ ಇಳಿಯದೆ ಮಾಯವಾಗುತ್ತದೆ.

ಜಾಲದಲ್ಲಿ ಪರ್ಯಾಯ ದಾರಿಗಳು ಇರಲೇಬೇಕು: ಕನಕಪುರ–ಮಳವಳ್ಳಿ–ಬನ್ನೂರು ದಾರಿ, ನೆಲಮಂಗಲ–ನಾಗಮಂಗಲ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿ, ಊರೊಳಗಿನ ಹಳೆಯ ಹೆದ್ದಾರಿ. ದಶಪಥವನ್ನು ಒಂದೇ ಗೆರೆಯಾಗಿ ಎಳೆಯಬೇಡಿ. ನಡುವಿನ ಆರು ಪಥ ಬೇರೆ, ಎರಡೂ ಬದಿಯ ಸರ್ವಿಸ್ ರಸ್ತೆ ಬೇರೆ. 2023ರ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಒಂದೇ ಗೆರೆ ಎಳೆದಿದ್ದರೆ ಮಂಡ್ಯದ ಬೈಕ್ ಸವಾರರಿಗೂ ಸಿಗದ ಉಳಿತಾಯವನ್ನು ಕೊಟ್ಟುಬಿಡುತ್ತೀರಿ. ರಸ್ತೆ ದಾಟಲು ಅಂಡರ್‌ಪಾಸ್ ಎಲ್ಲಿದೆ ಎಂಬುದನ್ನೂ ಹಾಕಿ. ಆ ಬದಿಯ ಗದ್ದೆಗೆ ಹೋಗಲು ಸುತ್ತಿ ಬರಬೇಕಾದ ರೈತರಿಗೆ ಈ ರಸ್ತೆ ಹೊರೆಯನ್ನು ಹೆಚ್ಚಿಸಿದೆ. ಈ ವಲಯ, ಜಾಲ, ಸೂತ್ರಗಳನ್ನು ಕೂಡಿಸಿ ಕಟ್ಟುವ ಲೆಕ್ಕದ ಮಾದರಿಯಲ್ಲಿ ಅದೂ ಕಾಣಬೇಕು.

3. ಎಣಿಕೆ, ಸಂದರ್ಶನ

ವಾಹನ ಎಣಿಕೆ 7 ದಿನ, ದಿನಕ್ಕೆ 24 ಗಂಟೆ, ಪ್ರತಿ 15 ನಿಮಿಷಕ್ಕೆ, ವಾಹನದ ಬಗೆವಾರು. ಅದನ್ನು ಕಾರಿನ ಸಮಾನಕ್ಕೆ, ಅಂದರೆ ಪಿಸಿಯುಗೆ ತನ್ನಿ. ಗ್ರಾಮೀಣ ಹೆದ್ದಾರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ 64ನೇ ಸಂಹಿತೆ ಕೊಡುವ ಅಂಕಿ ಹೀಗಿದೆ: ಕಾರು 1, ಬೈಕ್ 0.5, ಬಸ್ ಮತ್ತು ಲಾರಿ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನಗಾಡಿ 8. ಈ ಅಂಕಿಗಳಿಂದಲೇ ವಾರದ ಆಯ್ಕೆ ಮುಖ್ಯವಾಗುತ್ತದೆ. ಮಂಡ್ಯದಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಎಣಿಸಿದರೆ ಟ್ರ್ಯಾಕ್ಟರುಗಳೇ ರಸ್ತೆಯನ್ನು ತುಂಬಿಕೊಂಡಂತೆ ಕಾಣುತ್ತದೆ. ದಸರಾ ವಾರದಲ್ಲಿ ಎಣಿಸಿದರೆ ಇಡೀ ವರ್ಷ ಮೈಸೂರಿಗೆ ಪ್ರವಾಸಿಗರೇ ಹೋಗುತ್ತಾರೆ ಎಂಬ ಚಿತ್ರ ಬರುತ್ತದೆ. ಸಾಮಾನ್ಯ ವಾರ ಆರಿಸಿ. ಈ ಸಾಲಿನಲ್ಲಿ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗಿನ ಓಡಾಟದ ಸ್ವಭಾವವೇ ಬೇರೆ. ಅದಕ್ಕೆ ಬೇರೆಯೇ ಮಾದರಿ ಮಾಡಿ.

ಎಣಿಕೆ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದಕ್ಕೆ ಪೊಲೀಸರ ನೆರವಿನಿಂದ ವಾಹನ ನಿಲ್ಲಿಸಿ ಸಂದರ್ಶನ ಮಾಡಬೇಕು. ಎಲ್ಲಿಂದ, ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಜನ, ವಾರಕ್ಕೆ ಎಷ್ಟು ಸಲ, ಖರ್ಚು ಯಾರದು. ಕೊನೆಯ ಪ್ರಶ್ನೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಕಂಪನಿ ಟೋಲ್ ಕೊಡುವ ಪ್ರಯಾಣಿಕರೂ ತಮ್ಮ ಜೇಬಿನಿಂದ ಕೊಡುವವರೂ ಒಂದೇ ರೀತಿ ಯೋಚಿಸುವುದಿಲ್ಲ.

ಫಾಸ್ಟ್ಯಾಗ್ ಮಾಹಿತಿ ಕೈಗೆ ಸಿಕ್ಕರೆ ಸಂದರ್ಶನ ಬೇಡ ಎನಿಸಬಹುದು. ಎಚ್ಚರ ಬೇಕು. ಈ ಸಾಲಿನ ಟೋಲ್‌ಗಳು ಬೆಂಗಳೂರು ಬದಿಯ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ, ಮೈಸೂರು ಬದಿಯ ಗಣಂಗೂರಿನಲ್ಲಿ ಇವೆ. ಚನ್ನಪಟ್ಟಣದಿಂದ ಮಂಡ್ಯಕ್ಕೆ ಹೋಗುವ ಕಾರು ಯಾವ ಟೋಲನ್ನೂ ದಾಟುವುದಿಲ್ಲ. ಆ ಮಾಹಿತಿಯಲ್ಲಿ ಅಂಥ ಪ್ರಯಾಣ ಇಲ್ಲವೇ ಇಲ್ಲ. ಮೊಬೈಲ್ ಟವರ್ ಮಾಹಿತಿಯ ತೊಡಕು ಬೇರೆ: ಒಂದೇ ವೇಗದಲ್ಲಿ ಓಡುವ ಬಸ್ಸನ್ನೂ ಕಾರನ್ನೂ ಅದು ಬೇರ್ಪಡಿಸಲಾರದು. ಬಸ್ ಟಿಕೆಟ್ ಯಂತ್ರದ ದಾಖಲೆ, ರೈಲು ಟಿಕೆಟ್ ಲೆಕ್ಕ ಜೊತೆಗಿರಲಿ.

ಎಣಿಕೆಯ ಜಾಗಕ್ಕೆ ನದಿಗಳನ್ನು ಬಳಸಿ. ರಾಮನಗರದಲ್ಲಿ ಅರ್ಕಾವತಿ, ಮದ್ದೂರಿನಲ್ಲಿ ಶಿಂಷಾ, ಶ್ರೀರಂಗಪಟ್ಟಣದಲ್ಲಿ ಕಾವೇರಿ. ನದಿ ದಾಟುವ ಸೇತುವೆಗಳಲ್ಲೆಲ್ಲ ವಾಹನ ಎಣಿಸಿದರೆ ಆಚೆಗೂ ಈಚೆಗೂ ಹೋದವರಲ್ಲಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

4. ಪ್ರಯಾಣದ ಒಟ್ಟು ಹೊರೆ

ಇಡೀ ಕೆಲಸದ ಹೃದಯ ಇದು. ಜನ ಬರೀ ನಿಮಿಷ ನೋಡಿ ತೀರ್ಮಾನಿಸುವುದಿಲ್ಲ, ದುಡ್ಡನ್ನೂ ನೋಡುತ್ತಾರೆ. ಎರಡನ್ನೂ ಒಂದೇ ಅಳತೆಗೆ ತರಬೇಕು:

ಒಟ್ಟು ಹೊರೆ (ನಿಮಿಷದಲ್ಲಿ) = ಪ್ರಯಾಣದ ವೇಳೆ + (ಇಂಧನ + ಟೋಲ್) ÷ ಒಂದು ನಿಮಿಷದ ಬೆಲೆ

ಉದಾಹರಣೆಗೆ 140 ಕಿಲೋಮೀಟರ್ ದಾರಿ, ಲೀಟರಿಗೆ 15 ಕಿಮೀ, ಲೀಟರಿಗೆ 100 ರೂಪಾಯಿ. ಇಂಧನಕ್ಕೆ ಸುಮಾರು 933 ರೂಪಾಯಿ. ಹಳೆಯ ರಸ್ತೆಯಲ್ಲಿ 180 ನಿಮಿಷ, ಟೋಲ್ ಇಲ್ಲ. ಹೊಸದರಲ್ಲಿ 100 ನಿಮಿಷ, ಟೋಲ್ 300 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬ ಸಾಮಾನ್ಯ ಪ್ರಯಾಣಿಕರ ನಿಮಿಷದ ಬೆಲೆ, ಅಂದರೆ ಒಂದು ನಿಮಿಷ ಉಳಿಸಲು ಅವರು ಕೊಡಲು ಸಿದ್ಧವಿರುವ ಹಣ, 3 ರೂಪಾಯಿ.

ಗಂಡ ಹೆಂಡತಿ ಇಬ್ಬರೂ ಒಂದೇ ಕಾರಿನಲ್ಲಿದ್ದರೆ ಆ ಕಾರಿನ ನಿಮಿಷಕ್ಕೆ 6 ರೂಪಾಯಿ. ಹಳೆಯ ದಾರಿಯ ಹೊರೆ 180 + 155.5 = 335.5 ನಿಮಿಷ. ಹೊಸ ದಾರಿಯದು 100 + 205.5 = 305.5. ಗಡಿಯಾರದಲ್ಲಿ ಉಳಿದದ್ದು 80 ನಿಮಿಷ, ಹೊರೆಯಲ್ಲಿ ಉಳಿದದ್ದು 30 ಮಾತ್ರ.

ಅದೇ ಕಾರಿನಲ್ಲಿ ಒಬ್ಬರೇ ಇದ್ದರೆ? ಹಳೆಯದು 180 + 311 = 491, ಹೊಸದು 100 + 411 = 511. ಹೊಸ ರಸ್ತೆ ಅವರಿಗೆ 20 ನಿಮಿಷ ಭಾರ. ಸರ್ವಿಸ್ ರಸ್ತೆಯನ್ನೋ ಹಳೆಯ ದಾರಿಯನ್ನೋ ಹಿಡಿಯುವುದು ಅವರಿಗೆ ಜಿಪುಣತನವಲ್ಲ, ಸರಿಯಾದ ಲೆಕ್ಕ. ಇನ್ನು ಕಂಪನಿ ಕೆಲಸಕ್ಕೆ ಹೋಗುವವರ ನಿಮಿಷಕ್ಕೆ 10 ರೂಪಾಯಿ ಹಿಡಿದರೆ 273 ಇದ್ದದ್ದು 223ಕ್ಕೆ ಇಳಿಯುತ್ತದೆ. ಅವರಿಗೆ 50 ನಿಮಿಷ ಲಾಭ.

ಒಂದೇ ರಸ್ತೆ, ಒಂದೇ ಟೋಲ್, ಮೂರು ಬೇರೆ ಉತ್ತರ. ಎಲ್ಲರಿಗೂ ಒಂದು ಸರಾಸರಿ ನಿಮಿಷದ ಬೆಲೆ ಹಾಕಿದ ಮಾದರಿ ಟೋಲ್ ರಸ್ತೆಗಳಲ್ಲಿ ಎಡವುವುದು ಇಲ್ಲಿಯೇ. ಕನಿಷ್ಠ ಮೂರು ಉದ್ದೇಶ (ಕೆಲಸಕ್ಕೆ ಹೋಗಿಬರುವುದು, ಕೆಲಸದ ಮೇಲಿನ ಪ್ರಯಾಣ, ಉಳಿದದ್ದು) ಮತ್ತು ಎರಡು ಮೂರು ಆದಾಯದ ಗುಂಪು ಮಾಡಿ. ಬಸ್ಸಿಗೆ ಟಿಕೆಟ್ ದರದ ಜೊತೆ ನಿಲ್ದಾಣಕ್ಕೆ ಹೋಗುವ ವೇಳೆ, ಕಾಯುವ ವೇಳೆ ಸೇರಿಸಿ. ಕಾಯುವ ನಿಮಿಷ ಕೂತು ಹೋಗುವ ನಿಮಿಷಕ್ಕಿಂತ ಭಾರ. ಸಾಮಾನ್ಯವಾಗಿ ಅದನ್ನು ಸುಮಾರು ಎರಡು ಪಟ್ಟು ಎಣಿಸುತ್ತಾರೆ.

5. ಬದಲಾಗುವ ನಡವಳಿಕೆ, ಒಂದೊಂದಾಗಿ

ಜನರ ಮುಂದಿರುವ ಆಯ್ಕೆಗಳು ಐದು: ಎಷ್ಟು ಸಲ ಹೋಗುವುದು, ಎಲ್ಲಿಗೆ ಹೋಗುವುದು, ಯಾವುದರಲ್ಲಿ ಹೋಗುವುದು, ಯಾವಾಗ ಹೊರಡುವುದು, ಯಾವ ದಾರಿ ಹಿಡಿಯುವುದು. ದಾರಿಯ ಆಯ್ಕೆ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ, ಉದ್ಘಾಟನೆಯ ವಾರದಲ್ಲೇ. ಹೊರಡುವ ಹೊತ್ತೂ ಹಾಗೆಯೇ: ದಟ್ಟಣೆ ತಪ್ಪಿಸಲು ನಸುಕಿನ ಐದಕ್ಕೆ ಹೊರಡುತ್ತಿದ್ದವರು ಏಳಕ್ಕೆ ಹೊರಟು ಬೆಳಗಿನ ದಟ್ಟಣೆಯನ್ನು ಮತ್ತೆ ಚೂಪು ಮಾಡುತ್ತಾರೆ. ಊರು ಮತ್ತು ಉದ್ಯೋಗದ ಆಯ್ಕೆ ನಿಧಾನ. ಬ್ರಿಟನ್ನಿನ ಮಾರ್ಗಸೂಚಿ ಎಷ್ಟು ಸಲ ಎಂಬ ಆಯ್ಕೆಯನ್ನು ಎಲ್ಲಕ್ಕಿಂತ ಕಡಿಮೆ ಸೂಕ್ಷ್ಮವೆಂದೂ ಎಲ್ಲಿಗೆ ಎಂಬುದನ್ನು ಹೆಚ್ಚು ಸೂಕ್ಷ್ಮವೆಂದೂ ಇಡುತ್ತದೆ. ವಾರಾಂತ್ಯದ ಓಟ ಇಷ್ಟು ದೊಡ್ಡದಿರುವ ಬೆಂಗಳೂರು–ಮೈಸೂರು ಸಾಲಿನಲ್ಲಿ 'ಎಷ್ಟು ಸಲ' ಎಂಬುದನ್ನು ಕಡೆಗಣಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ವಾಹನದ ಆಯ್ಕೆಯನ್ನು ಲಾಜಿಟ್ ಸೂತ್ರದಿಂದ (ಹೊರೆ ಬದಲಾದಾಗ ಪ್ರತಿ ವಾಹನದ ಪಾಲು ಎಷ್ಟಾಗುತ್ತದೆ ಎಂದು ಹೇಳುವ ಸೂತ್ರ) ಹೀಗೆ ತೆಗೆಯಿರಿ. ಈಗಿನ ಪಾಲು ಕಾರು 40, ತಡೆರಹಿತ ಬಸ್ 35, ರೈಲು 25 ಎಂದುಕೊಳ್ಳಿ. ಕಾರಿನ ಹೊರೆ 30 ನಿಮಿಷ ಇಳಿಯಿತು. ಸಂವೇದನಾಂಕ, ಅಂದರೆ ಹೊರೆಯ ಬದಲಾವಣೆಗೆ ಜನ ಎಷ್ಟು ಸ್ಪಂದಿಸುತ್ತಾರೆ ಎಂಬ ಅಂಕಿ, ನಿಮಿಷಕ್ಕೆ 0.01 ಆದರೆ 30 × 0.01 = 0.3. 2.718ನ್ನು 0.3ರ ಘಾತಕ್ಕೆ ಏರಿಸಿದರೆ 1.35. ಕಾರಿನ ತೂಕ 40 × 1.35 = 54. ಮೊತ್ತ 54 + 35 + 25 = 114. ಹೊಸ ಪಾಲು ಕಾರು ಶೇ 47.4, ಬಸ್ 30.7, ರೈಲು 21.9.

ಈ ಲೆಕ್ಕ ನೋಡಲು ಸರಿ, ಉತ್ತರ ತಪ್ಪು. ಬಸ್ಸೂ ಅದೇ ಹೊಸ ರಸ್ತೆಯಲ್ಲಿ ಓಡುತ್ತದೆ ಎಂಬುದು ಬಿಟ್ಟುಹೋಗಿದೆ. ಟೋಲ್ ನಲವತ್ತು ಜನರ ನಡುವೆ ಹಂಚಿಹೋಗುವುದರಿಂದ ಬಸ್ಸಿನ ಹೊರೆ 40 ನಿಮಿಷ ಇಳಿಯಿತು ಎಂದುಕೊಂಡರೆ ಬಸ್ಸಿನ ತೂಕ 35 × 1.492 = 52.2. ಆಗ ಕಾರು ಶೇ 41.2, ಬಸ್ 39.8, ರೈಲು 19.1. ಜನ ಬಿಟ್ಟು ಬಂದದ್ದು ರೈಲನ್ನು, ಬಸ್ಸನ್ನಲ್ಲ! ಮಂಡ್ಯ, ಮದ್ದೂರಿನ ನಿಲ್ದಾಣಕ್ಕೆ ಹೋಗಿ ಬರಬೇಕಾದ ಸಾಮಾನ್ಯ ಸಾರಿಗೆ ಬಸ್ಸಿಗೆ ಬೈಪಾಸಿನ ಪೂರ್ತಿ ಲಾಭ ಸಿಗುವುದಿಲ್ಲ, ಆದ್ದರಿಂದ ಅದನ್ನು ತಡೆರಹಿತ ಬಸ್ಸಿನ ಜೊತೆ ಸೇರಿಸಬೇಡಿ. ಅದರ ಪ್ರಯಾಣಿಕರು ಕಡಿಮೆಯಾಗಿ ನಿಗಮ ಟ್ರಿಪ್ ಕಡಿತ ಮಾಡಿದರೆ ಕಾಯುವ ವೇಳೆ ಹೆಚ್ಚುತ್ತದೆ, ಇನ್ನಷ್ಟು ಜನ ಬೈಕಿಗೆ ಹೋಗುತ್ತಾರೆ. ಈ ಸುತ್ತನ್ನೂ ಒಮ್ಮೆ ಓಡಿಸಿ ನೋಡಿ.

ಸಂವೇದನಾಂಕವನ್ನು ಬೇರೆ ದೇಶದ ಕೋಷ್ಟಕದಿಂದ ಎತ್ತಿ ಹಾಕುವುದು ಸುಲಭ, ಆದರೆ ಅಲ್ಲಿ ಬೈಕ್ ಎಂಬ ಆಯ್ಕೆಯೇ ಇಲ್ಲದಂತಿದೆ. ಸಾಧ್ಯವಾದಷ್ಟೂ ಇಲ್ಲಿಯೇ ಆಯ್ಕೆ ಸಮೀಕ್ಷೆ ಮಾಡಿ: 'ಇಷ್ಟು ವೇಳೆ, ಇಷ್ಟು ಟೋಲ್ ಅಥವಾ ಅಷ್ಟು ವೇಳೆ, ಟೋಲ್ ಇಲ್ಲ, ಯಾವುದು ಬೇಕು?' ಟೋಲ್ ಕೊಡುತ್ತೇನೆ ಎಂದು ಬಾಯಲ್ಲಿ ಹೇಳುವುದಕ್ಕೂ ಜೇಬಿನಿಂದ ತೆಗೆಯುವುದಕ್ಕೂ ಅಂತರವಿದೆ. ಈಗಾಗಲೇ ಟೋಲ್ ಇರುವ ರಸ್ತೆಯ ನಿಜವಾದ ಬಳಕೆಯೊಂದಿಗೆ ಉತ್ತರವನ್ನು ತಾಳೆ ನೋಡಿ.

6. ದಟ್ಟಣೆಯನ್ನು ಮರಳಿ ಲೆಕ್ಕಕ್ಕೆ ತನ್ನಿ

ಜನ ಹೆಚ್ಚಿದರೆ ರಸ್ತೆ ನಿಧಾನವಾಗುತ್ತದೆ, ನಿಧಾನವಾದರೆ ಕೆಲವರು ಹಿಂದೆ ಸರಿಯುತ್ತಾರೆ. ಈ ಎರಡರ ನಡುವೆ ಸಮತೋಲ ಹುಡುಕಬೇಕು. ವೇಳೆಗೆ ಅಮೆರಿಕದ ಬ್ಯೂರೊ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ:

ವೇಳೆ = ಖಾಲಿ ರಸ್ತೆಯ ವೇಳೆ × [1 + 0.15 × (ವಾಹನ ÷ ಸಾಮರ್ಥ್ಯ)ದ 4ನೇ ಘಾತ]

ನಗರದ ಅಂಚಿನ ಒಂದು ತುಂಡು ರಸ್ತೆ ತೆಗೆದುಕೊಳ್ಳಿ. ಖಾಲಿ ಇದ್ದಾಗ 20 ನಿಮಿಷ, ಗಂಟೆಗೆ 3,600 ಪಿಸಿಯು, ಸಾಮರ್ಥ್ಯ 3,000. ಈಗಿನ ವೇಳೆ 26.2 ನಿಮಿಷ. ಅಗಲ ಮಾಡಿ ಸಾಮರ್ಥ್ಯ 4,500 ಮಾಡಿದಿರಿ. ಸಂಚಾರ ಅಷ್ಟೇ ಇದ್ದರೆ 21.2 ನಿಮಿಷ, ಉಳಿತಾಯ 5.0.

ಈಗ ವೇಳೆಗೆ ಸಂಚಾರದ ಸ್ಥಿತಿಸ್ಥಾಪಕತ್ವ −0.5 ಎನ್ನಿ, ಅಂದರೆ ವೇಳೆ ಶೇ 1 ಇಳಿದರೆ ಸಂಚಾರ ಸುಮಾರು ಶೇ 0.5 ಏರುತ್ತದೆ. ಮೊದಲ ಸುತ್ತಿನಲ್ಲಿ ಸಂಚಾರ ಸುಮಾರು 4,000ಕ್ಕೆ ಏರುತ್ತದೆ. ಅಷ್ಟು ವಾಹನಕ್ಕೆ ವೇಳೆ 21.9. ಆ ವೇಳೆಗೆ ಸಂಚಾರ 3,940. ಮತ್ತೆ ವೇಳೆ, ಮತ್ತೆ ಸಂಚಾರ. ನಾಲ್ಕೈದು ಸುತ್ತಿಗೆ 3,950ರ ಹತ್ತಿರ ನಿಲ್ಲುತ್ತದೆ, ವೇಳೆ 21.8, ಉಳಿತಾಯ 4.4. ದೀರ್ಘಾವಧಿಗೆ −1.0 ಹಾಕಿದರೆ ಸುಮಾರು 4,225 ಪಿಸಿಯು, 22.3 ನಿಮಿಷ, ಉಳಿತಾಯ 3.9. ಮೊದಲು ಹೇಳಿದ ಲಾಭದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿತು. ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲೇ ಮಾಡಬಹುದು. ಚಿಕ್ಕ ಬೈಪಾಸಿಗೆ ಇಷ್ಟು ಸಾಕು.

ದೊಡ್ಡ ಜಾಲದಲ್ಲಿ ಸುತ್ತುಗಳು ತೂಗುಯ್ಯಾಲೆಯಾಡುತ್ತವೆ. ಒಮ್ಮೆ ಎಲ್ಲರೂ ಹೊಸ ರಸ್ತೆಗೆ, ಮರುಸುತ್ತಿನಲ್ಲಿ ಎಲ್ಲರೂ ಹಳೆಯದಕ್ಕೆ. ಪ್ರತಿ ಸುತ್ತಿನ ಫಲವನ್ನು ಹಿಂದಿನವುಗಳ ಜೊತೆ ಸರಾಸರಿ ಮಾಡುತ್ತ ಹೋಗಿ. ಬೇಡಿಕೆಯ ಲೆಕ್ಕಕ್ಕೂ ವೇಳೆಯ ಲೆಕ್ಕಕ್ಕೂ ನಡುವಿನ ಅಂತರ ಶೇ 0.1ಕ್ಕೆ ಬರುವವರೆಗೆ ನಿಲ್ಲಿಸಬೇಡಿ. ಅದಕ್ಕಿಂತ ಮೊದಲೇ ನಿಲ್ಲಿಸಿದರೆ ನೀವು ಯೋಜನೆಯ ಲಾಭ ಎಂದು ತೋರಿಸುವುದು ಲೆಕ್ಕದ ಕಲಬೆರಕೆಯೂ ಆಗಿರಬಹುದು. ಇನ್ನೊಂದು ಮಾತು: ಈ ಸೂತ್ರ ರಸ್ತೆಯದ್ದು, ಸಿಗ್ನಲ್ಲಿನದ್ದಲ್ಲ. ದಶಪಥ ಮುಗಿದು ಕೆಂಗೇರಿ ಕಡೆಯಿಂದ ನಗರದೊಳಕ್ಕೆ ನುಗ್ಗುವ ಕಡೆ ಕ್ಯೂ ಹೇಗೆ ಬೆಳೆಯುತ್ತದೆ ಎಂಬುದನ್ನು ಜಂಕ್ಷನ್ನುಗಳ ಲೆಕ್ಕದಿಂದಲೇ ತೆಗೆಯಬೇಕು. ಹೆದ್ದಾರಿಯಲ್ಲಿ ಉಳಿಸಿದ ನಿಮಿಷಗಳು ನಗರದ ಬಾಗಿಲಲ್ಲಿ ಖರ್ಚಾಗುತ್ತವೆ. ಚಲ್ಲಘಟ್ಟದವರೆಗೆ ಬಂದಿರುವ ಮೆಟ್ರೊವನ್ನೂ ಅಲ್ಲಿ ಕಾರು ನಿಲ್ಲಿಸುವ ಆಯ್ಕೆಯನ್ನೂ ಜಾಲಕ್ಕೆ ಸೇರಿಸಿ.

7. ಮಾದರಿಯನ್ನು ನಂಬಬಹುದೇ?

ಮೊದಲು ಇಂದಿನ ಸಂಚಾರವನ್ನು ಅದು ಸರಿಯಾಗಿ ತೋರಿಸಬೇಕು. ಎಣಿಕೆಗೂ ಮಾದರಿಗೂ ಇರುವ ವ್ಯತ್ಯಾಸದ ವರ್ಗವನ್ನು ಎರಡರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಜಿಇಎಚ್ ಎನ್ನುವುದು ಇದನ್ನೇ. ಗಂಟೆಗೆ 1,000 ಎಣಿಸಿದ ಕಡೆ ಮಾದರಿ 1,100 ತೋರಿಸಿದರೆ ಉತ್ತರ 3.1, ಪರವಾಗಿಲ್ಲ. 1,200 ತೋರಿಸಿದರೆ 6.0, ಆಗುವುದಿಲ್ಲ. ಶೇ 85ರಷ್ಟು ಜಾಗಗಳಲ್ಲಿ 5ಕ್ಕಿಂತ ಕಡಿಮೆ ಇರಬೇಕು.

ಆದರೆ ಎಣಿಕೆಗೆ ಹೊಂದುವಂತೆ ಅಂಕಿಗಳನ್ನು ತಿರುಚಿದ ಮಾದರಿಯೂ ಈ ಪರೀಕ್ಷೆ ಪಾಸಾಗುತ್ತದೆ. ಆದ್ದರಿಂದ ಅದನ್ನು ಅಲುಗಾಡಿಸಿ ನೋಡಿ. ಇಂಧನ ಬೆಲೆಯನ್ನು ಶೇ 10 ಏರಿಸಿ ಓಡಿಸಿ. ಕಾರುಗಳ ಒಟ್ಟು ಕಿಲೋಮೀಟರ್ ಶೇ 2.5ರಿಂದ 3.5ರಷ್ಟು ಇಳಿಯಬೇಕು ಎಂಬುದು ಬ್ರಿಟನ್ನಿನ ಮಾನದಂಡ. ನಮ್ಮಲ್ಲಿ ಬೈಕು, ಬಸ್ಸಿಗೆ ಹಾರುವುದು ಸುಲಭವಾದ್ದರಿಂದ ಅಂಕಿ ಬೇರೆ ಬರಬಹುದು. ಶೂನ್ಯ ಬಂದರೆ ಅಥವಾ ಶೇ 10 ಇಳಿದರೆ ಮಾತ್ರ ಮಾದರಿಯನ್ನು ಬಿಚ್ಚಿ ನೋಡಲೇಬೇಕು. ಬಸ್ ದರಕ್ಕೂ ಇದೇ ಪರೀಕ್ಷೆ.

8. ಲಾಭ ಎಣಿಸುವಾಗ

ಮೊದಲಿನಿಂದಲೂ ಹೋಗುತ್ತಿದ್ದವರಿಗೆ ಪೂರ್ತಿ ಉಳಿತಾಯ, ಹೊಸದಾಗಿ ಬಂದವರಿಗೆ ಅರ್ಧ. ಹೊಸಬರಲ್ಲಿ ಕೆಲವರು ಒಂದೇ ನಿಮಿಷ ಉಳಿದಿದ್ದರೂ ಬರುತ್ತಿದ್ದವರು, ಕೆಲವರು ಕೊನೆಯ ನಿಮಿಷದವರೆಗೂ ಅನುಮಾನಿಸಿದವರು, ಸರಾಸರಿ ಅರ್ಧ. ಆರನೇ ಹಂತದ ಉದಾಹರಣೆಯಲ್ಲಿ 3,600 × 4.44 + ½ × 350 × 4.44 = 16,761 ನಿಮಿಷ. ಸಂಚಾರ ಬದಲಾಗದು ಎಂದು ಎಣಿಸಿದ್ದರೆ 17,964. ಹೊಸ ವಾಹನಗಳ ಹೊಗೆ, ಅಪಘಾತ, ಸದ್ದು ಈ ಲೆಕ್ಕದಿಂದ ಹೊರಗಿವೆ. ಅವುಗಳನ್ನು ಬೇರೆಯಾಗಿ ಕಳೆಯಬೇಕು.

ಬಿಡದಿ, ರಾಮನಗರದ ಸುತ್ತ ಬಡಾವಣೆಗಳು ಎದ್ದರೆ ಅಲ್ಲಿಂದ ಹೊರಡುವ ಓಡಾಟ ಎಷ್ಟು ಎಂಬುದಕ್ಕೆ ಒಂದೇ ಅಂಕಿ ಕೊಡಬೇಡಿ. ಕಡಿಮೆ, ನಡುವೆ, ಹೆಚ್ಚು ಎಂದು ಮೂರು ಸ್ಥಿತಿ ಓಡಿಸಿ. ವರದಿಯಲ್ಲಿ ಮೂರನ್ನೂ ಮುದ್ರಿಸಿ.

9. ರಸ್ತೆ ತೆರೆದ ಮೇಲೆ

ಇಂಗ್ಲೆಂಡಿನಲ್ಲಿ ಮುಖ್ಯ ಹೆದ್ದಾರಿ ಯೋಜನೆಗಳನ್ನು ತೆರೆದ ಒಂದು ವರ್ಷಕ್ಕೂ ಐದು ವರ್ಷಕ್ಕೂ ಮತ್ತೆ ಅಳೆಯುತ್ತಾರೆ. ನಮ್ಮಲ್ಲೂ ಟೆಂಡರಿನ ದಾಖಲೆಯಲ್ಲೇ ಇದಕ್ಕೆ ಹಣ ತೆಗೆದಿಡಬೇಕು. ಅದೇ ಮೂರು ನದಿಗಳ ಸೇತುವೆಗಳಲ್ಲಿ, ಅದೇ ತಿಂಗಳಲ್ಲಿ, ಅದೇ 7 ದಿನ ಎಣಿಸಿ. ಹೆಚ್ಚಿದ್ದರಲ್ಲಿ ರಸ್ತೆಯ ಪಾಲು ಎಷ್ಟು, ಸಾಮಾನ್ಯ ಬೆಳವಣಿಗೆ ಎಷ್ಟು ಎಂದು ತಿಳಿಯಲು ಹೋಲಿಕೆಗೆ ಇನ್ನೊಂದು ರಸ್ತೆ ಬೇಕು. ಕನಕಪುರ ರಸ್ತೆಯನ್ನು ಆರಿಸಬೇಡಿ, ಅದು ದಶಪಥಕ್ಕೆ ವಾಹನ ಬಿಟ್ಟುಕೊಟ್ಟ ರಸ್ತೆ. ಅಲ್ಲಿ ಇಳಿದದ್ದನ್ನು ಇಲ್ಲಿ ಏರಿದ್ದರ ಜೊತೆ ಹೋಲಿಸಿದರೆ ಒಂದೇ ಕಾರನ್ನು ಎರಡು ಕಡೆ ಎಣಿಸಿದಂತೆ. ತುಮಕೂರು ಕಡೆಯದು ಆಗಬಹುದು. ಸಂದರ್ಶನವನ್ನೂ ಮತ್ತೆ ಮಾಡಿ, ಒಂದೇ ಒಂದು ಪ್ರಶ್ನೆ ಹೆಚ್ಚು ಸೇರಿಸಿ: 'ಈ ರಸ್ತೆ ಇಲ್ಲದಿದ್ದರೆ ಇವತ್ತು ನೀವು ಏನು ಮಾಡುತ್ತಿದ್ದಿರಿ?' ಉತ್ತರಗಳನ್ನು ಐದನೇ ಹಂತದ ಐದು ಆಯ್ಕೆಗಳ ಎದುರು ಬರೆದಿಟ್ಟುಕೊಳ್ಳಿ. ಮುಂದಿನ ರಸ್ತೆಯ ಸಂವೇದನಾಂಕಕ್ಕೆ ಬೇಕಾದ ಮಾಹಿತಿ ಅಲ್ಲಿಯೇ ಇರುತ್ತದೆ.